ಬಿಲ್ಲಿನಲ್ಲಿ ಬರೆಯಲಾಗದ ಬಾಬತ್ತು

ಪ್ರಶ್ನೆ: ಮೇಷ್ಟ್ರೇ, ನಾನು ತೀರ್ಥಹಳ್ಳಿ ಕಡೆಯವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಕಳೆದ ಮಳೆಗಾಲದಲ್ಲಿ ಅವನೂ ಆರು ಮಂದಿ ಗೆಳೆಯರೂ ನಮ್ಮ ಕಡೆಯದೇ ಒಂದು ಹೋಂಸ್ಟೇಗೆ ಬಂದು, ರಾತ್ರಿ ಕುಡಿದು ಗಲಾಟೆ ಮಾಡಿ, ಕಿಟಕಿಯ ಗಾಜು, ಕುರ್ಚಿ ಒಡೆದರು. ತಡೆಯಲು ಬಂದ ಮನೆಯ ಯಜಮಾನರನ್ನು ಒಬ್ಬ ತಳ್ಳಿಯೂಬಿಟ್ಟ. ಮರುದಿನ ಅಪ್ಪಂದಿರು ಫೋನಿನಲ್ಲೇ ಮಾತಾಡಿಕೊಂಡು ಹಣ ಕೊಟ್ಟು ಮುಗಿಸಿದರು. ‘ನಾನೇನೂ ಮಾಡಲಿಲ್ಲ, ಸುಮ್ಮನೆ ನಿಂತಿದ್ದೆ’ ಎಂದು ನನ್ನ ಮಗ ಹೇಳುತ್ತಾನೆ. ಮೊನ್ನೆ ಇಬ್ಬರೂ ಕೂತು ‘ದಿ ರಯಟ್ ಕ್ಲಬ್’ ಚಿತ್ರ ನೋಡಿದೆವು. ‘ಅದು ಇಂಗ್ಲೆಂಡಿನ ಶ್ರೀಮಂತರ ಕಥೆ. ಅಲ್ಲೂ ಕೆಟ್ಟವನು ಒಬ್ಬನೇ, ಉಳಿದವರು ಸಿಕ್ಕಿಬಿದ್ದರು’ ಎಂದ. ನನಗೆ ಒಪ್ಪಿಗೆಯಾಗಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಒಳ್ಳೆಯ ಹುಡುಗರು ಗುಂಪು ಸೇರಿದರೆ ಹೀಗೇಕೆ ಆಗುತ್ತಾರೆ? ಸುಮ್ಮನಿದ್ದವನದೂ ತಪ್ಪೇ?

ಉತ್ತರ: ನಿಮ್ಮ ಮಗನ ಮಾತನ್ನು ಅರ್ಧದಷ್ಟಾದರೂ ಒಪ್ಪಿಕೊಂಡು ಹೊರಡೋಣ. ಕಥೆ ಇಂಗ್ಲೆಂಡಿನದೇ, ಅದರಲ್ಲೂ ಆಕ್ಸ್‌ಫರ್ಡಿನದು. ಲಾರಾ ವೇಡ್ ಬರೆದ ‘ಪಾಶ್’ ನಾಟಕ 2010ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. ಆಕೆಯೇ ಅದನ್ನು ಚಿತ್ರಕಥೆಯಾಗಿ ಬರೆದುಕೊಟ್ಟರು, ಡೆನ್ಮಾರ್ಕಿನ ಲೋನೆ ಶೆರ್ಫಿಗ್ ನಿರ್ದೇಶಿಸಿದರು, 2014ರಲ್ಲಿ ಚಿತ್ರ ಬಂತು. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತೇ ಸದಸ್ಯರಿರುವ, ಹಳೆಯ ಮನೆತನಗಳ ಹುಡುಗರ ಒಂದು ಗುಟ್ಟಿನ ಕ್ಲಬ್. ಆ ವರ್ಷ ಮೈಲ್ಸ್, ಅಲಿಸ್ಟರ್ ಎಂಬಿಬ್ಬರು ಹೊಸಬರು ಸೇರುತ್ತಾರೆ. ಊರಿನ ಹೋಟೆಲುಗಳು ಇವರನ್ನು ಒಳಗೆ ಬಿಡದ ಕಾರಣ ವಾರ್ಷಿಕ ಔತಣ ಹಳ್ಳಿಯೊಂದರ ಪಬ್ಬಿನಲ್ಲಿ. ಕುಡಿತ ಏರುತ್ತದೆ, ಕೋಣೆ ಪುಡಿಪುಡಿಯಾಗುತ್ತದೆ, ಪಬ್ಬಿನ ಮಾಲೀಕ ಕ್ರಿಸ್ ಸಾಯುವಷ್ಟು ಹೊಡೆತ ತಿನ್ನುತ್ತಾನೆ.

ಚಿತ್ರದ ಕ್ಲಬ್ ಕಲ್ಪನೆಯದು. ಅದರ ಹಿಂದೆ ನಿಂತ ನೆರಳು ಮಾತ್ರ ನಿಜದ್ದು. ಆಕ್ಸ್‌ಫರ್ಡಿನಲ್ಲಿ 1780ರಿಂದ ಬುಲಿಂಗ್‌ಡನ್ ಕ್ಲಬ್ ಎಂಬುದಿದೆ. ಮೊದಲು ಬೇಟೆ, ಕ್ರಿಕೆಟ್ಟಿನ ಕೂಟವಾಗಿದ್ದದ್ದು ಬರಬರುತ್ತ ಕೋಟು ತೊಟ್ಟು ಕುಡಿದು ಸಾಮಾನು ಒಡೆಯುವ ಕೂಟವಾಯಿತು. 1894ರಲ್ಲಿ ಒಂದೇ ರಾತ್ರಿ ಕ್ರೈಸ್ಟ್ ಚರ್ಚ್ ಕಾಲೇಜಿನ ಒಂದು ಅಂಗಳದ 468 ಕಿಟಕಿಗಳ ಗಾಜು ಒಡೆದರು. 1927ರಲ್ಲಿ ಮತ್ತೆ ಅದನ್ನೇ ಮಾಡಿದ ಮೇಲೆ ಆಕ್ಸ್‌ಫರ್ಡಿನ ಸುತ್ತ 15 ಮೈಲಿಯೊಳಗೆ ಸೇರಕೂಡದೆಂಬ ಆಜ್ಞೆಯಾಯಿತು. ಚಿತ್ರದ ಹುಡುಗರು ಹಳ್ಳಿಯ ಪಬ್ಬಿಗೆ ಹೋಗುವುದು ಈ ಚರಿತ್ರೆಯಿಂದ. 1987ರ ಕ್ಲಬ್ಬಿನ ಫೋಟೊ ಒಂದರಲ್ಲಿ ಡೇವಿಡ್ ಕ್ಯಾಮರಾನ್, ಬೋರಿಸ್ ಜಾನ್ಸನ್ ಇಬ್ಬರೂ ಇದ್ದಾರೆ. ಇಬ್ಬರೂ ಮುಂದೆ ಪ್ರಧಾನಿಗಳಾದರು. ನಾಟಕ ರಂಗವೇರಿದ ಮರುತಿಂಗಳೇ ಕ್ಯಾಮರಾನ್ ಗೆದ್ದು ಬಂದದ್ದರಿಂದ ಅಲ್ಲಿಯ ಪ್ರೇಕ್ಷಕರಿಗೆ ಅದು ನಾಟಕದಂತೆ ಕಾಣದೆ ಸುದ್ದಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆ ಕ್ಲಬ್ಬಿನ ಬಗ್ಗೆ ಪದೇಪದೇ ಹೇಳಲಾಗುವ ಸಂಗತಿಯೊಂದಿದೆ. ಒಡೆದದ್ದಕ್ಕೆಲ್ಲ ಅವರು ಅಲ್ಲಿಯೇ, ನಗದಾಗಿ ಹಣ ಕೊಡುತ್ತಿದ್ದರು. ನಿಮ್ಮ ಪತ್ರ ಓದುವಾಗ ನನಗೆ ತಟ್ಟನೆ ನೆನಪಾದದ್ದು ಇದೇ. ಗಾಜಿಗೆ ಇಷ್ಟು, ಕುರ್ಚಿಗೆ ಇಷ್ಟು, ತಳ್ಳಿಸಿಕೊಂಡದ್ದಕ್ಕೆ ಮೇಲೊಂದಿಷ್ಟು. ಲೆಕ್ಕ ಚುಕ್ತಾ.

ಚಿತ್ರವನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಹೊಡೆತ ಯಾವ ಗಳಿಗೆಯಲ್ಲಿ ಬೀಳುತ್ತದೆ? ಕುಡಿತ ವಿಪರೀತವಾದಾಗಲೂ ಬೀಳುವುದಿಲ್ಲ, ಕೋಣೆ ಧ್ವಂಸವಾಗುವಾಗಲೂ ಬೀಳುವುದಿಲ್ಲ. ಕ್ರಿಸ್ ಒಳಗೆ ಬಂದು ನೋಡಿ ದಿಗಿಲುಬೀಳುತ್ತಾನೆ, ಹುಡುಗರು ಹಣ ಚಾಚುತ್ತಾರೆ, ಅವನು ಮುಟ್ಟುವುದಿಲ್ಲ. ಅವರ ಮುಖಕ್ಕೆ ನಾಲ್ಕು ಮಾತು ಹೇಳುತ್ತಾನೆ. ಆಗ ಬೀಳುತ್ತದೆ. ಹಣ ತೆಗೆದುಕೊಂಡಿದ್ದರೆ ಅವನಿಗೆ ಒಂದು ಹಲ್ಲೂ ಅಲುಗುತ್ತಿರಲಿಲ್ಲ. ಗುಂಪಿನ ಮನಃಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಈ ಚಿತ್ರದ ಮರ್ಮವೆಲ್ಲ ಆ ಒಂದು ನಿಮಿಷದಲ್ಲಿದೆ. ಅಷ್ಟು ಹೊತ್ತು ಹಣ ಅವರ ಪರವಾಗಿ ಸೌಜನ್ಯದ ಕೆಲಸ ಮಾಡುತ್ತಿತ್ತು. ನೀನು ನಮಗಿಂತ ಕೆಳಗಿನವನು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ನೋಟಿನ ಕಟ್ಟು ಹೇಳುತ್ತಿತ್ತು. ಅವನು ನೋಟನ್ನು ತಳ್ಳಿದಾಗ ಕೈಯೇ ಮಾತಾಡಬೇಕಾಯಿತು.

ಲಾರೆನ್ ಎಂಬ ಹುಡುಗಿಯ ಪ್ರಸಂಗವೂ ಇದೇ ಜಾತಿಯದು. ಸಾಧಾರಣ ಮನೆಯಿಂದ ಬಂದವಳು, ಮೈಲ್ಸ್‌ನ ಗೆಳತಿ. ಅವಳನ್ನು ಮೋಸದಿಂದ ಔತಣಕ್ಕೆ ಕರೆಸಿ, ಹೇಳಲು ನಾಚಿಕೆಯಾಗುವ ಬೇಡಿಕೆಯೊಂದನ್ನು ಮುಂದಿಟ್ಟು, ಮೂರು ವರ್ಷದ ಕಾಲೇಜು ಶುಲ್ಕದಷ್ಟು ಹಣ ಕೊಡುತ್ತೇವೆ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2012ರಿಂದ ಶುಲ್ಕದ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿ, ಬಡ ಮಕ್ಕಳು ಸಾಲ ಹೊತ್ತೇ ಓದಬೇಕಾಗಿತ್ತು. ಆ ಸಾಲ ಎಷ್ಟೆಂದು ಹುಡುಗರಿಗೆ ಚೆನ್ನಾಗಿ ಗೊತ್ತು. ಎಲ್ಲಿ ಚುಚ್ಚಿದರೆ ನೋವಾಗುತ್ತದೆಂದು ತಿಳಿದೇ ಚುಚ್ಚುತ್ತಾರೆ. ಮೈಲ್ಸ್ ಅಲ್ಲಿಯೇ ಕೂತಿದ್ದಾನೆ. ‘ಸುಮ್ಮನೆ’ ಕೂತಿದ್ದಾನೆ.

ಈಗ ‘ಕೆಟ್ಟವನು ಒಬ್ಬನೇ’ ಎಂಬ ಮಾತಿಗೆ ಬರುತ್ತೇನೆ. ಇದರಲ್ಲಿ ಸ್ವಲ್ಪ ತಪ್ಪು ಚಿತ್ರದ್ದೇ. ನಿಮ್ಮ ಮಗ ಹೇಳುವ ಆ ‘ಒಬ್ಬ’ನಾದ ಅಲಿಸ್ಟರ್‌ನನ್ನು ಆರಂಭದಲ್ಲೇ ಕಳ್ಳರ ಕೈಗೆ ಸಿಕ್ಕಿಸಿ, ಅಣ್ಣನ ಕೀರ್ತಿಯ ನೆರಳಿನಲ್ಲಿ ಕೊರಗುವಂತೆ ಮಾಡಿ, ಬಡವರ ಮೇಲಿನ ಅವನ ಕಡುದ್ವೇಷಕ್ಕೆ ಒಂದು ಸ್ವಂತ ಕಾರಣ ಒದಗಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಚಿತ್ರದ ದೊಡ್ಡ ದೌರ್ಬಲ್ಯ, ಏಕೆಂದರೆ ನೋಡುವವನಿಗೆ ತಪ್ಪಿಸಿಕೊಳ್ಳಲು ಒಂದು ಕಿಂಡಿ ಸಿಕ್ಕುತ್ತದೆ. ನಿಮ್ಮ ಮಗ ತೂರಿಕೊಂಡದ್ದು ಆ ಕಿಂಡಿಯಲ್ಲಿ. ಆದರೆ ಅಲಿಸ್ಟರ್ ಭಾಷಣ ಮಾಡುವಾಗ ಕ್ಯಾಮೆರಾ ಉಳಿದವರ ಮುಖಗಳನ್ನೂ ತೋರಿಸುತ್ತದಲ್ಲ, ಅದನ್ನು ನೋಡಿ. ಒಬ್ಬೊಬ್ಬನೂ ಮನಸ್ಸಿನಲ್ಲಿ ಅರೆಬರೆಯಾಗಿ ಇಟ್ಟುಕೊಂಡಿದ್ದನ್ನು ಅವನು ಪೂರ್ತಿಯಾಗಿ ಹೇಳುತ್ತಿದ್ದಾನೆ. ಸರ್ಜ್ ಮಾಸ್ಕೊವಿಚಿ, ಮಾರಿಸಾ ಜವಲ್ಲೋನಿ ಎಂಬ ಸಂಶೋಧಕರು ಫ್ರಾನ್ಸಿನ ವಿದ್ಯಾರ್ಥಿಗಳ ಗುಂಪುಗಳನ್ನು ಅಭ್ಯಾಸ ಮಾಡಿ 1969ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಹೊಂದುತ್ತದೆ: ಒಂದೇ ಕಡೆ ವಾಲಿದವರು ಒಟ್ಟು ಕೂತು ಚರ್ಚಿಸಿದರೆ ಮಧ್ಯಕ್ಕೆ ಬರುವುದಿಲ್ಲ, ವಾಲಿದ ಕಡೆಗೇ ಇನ್ನಷ್ಟು ವಾಲುತ್ತಾರೆ. ಅಲಿಸ್ಟರ್ ಇಲ್ಲದಿದ್ದರೆ ಆ ಮೇಜಿನಲ್ಲಿ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಮಾತು ಇಷ್ಟು ಚೂಪಾಗಿರುತ್ತಿರಲಿಲ್ಲ, ಅಷ್ಟೇ.

ಗುಂಪಿನಲ್ಲಿ ಮನುಷ್ಯ ತನ್ನನ್ನು ಕಳೆದುಕೊಳ್ಳುತ್ತಾನೆ, ಗುಂಪಿಗೆ ಬುದ್ಧಿಯಿಲ್ಲ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಾನೂ ಮೊದಲ ಹತ್ತು ವರ್ಷ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಆಮೇಲೆ ಸ್ಟೀಫನ್ ರೈಕರ್ ಎಂಬವರ ಬರಹ ಓದಿ ಮಾತು ಬದಲಿಸಬೇಕಾಯಿತು. 1980ರಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನಡೆದ ಗಲಭೆಯನ್ನು ಅವರು ಅಭ್ಯಾಸ ಮಾಡಿದರು. ಜನ ಸಿಕ್ಕಸಿಕ್ಕದ್ದಕ್ಕೆ ಕಲ್ಲು ಹೊಡೆದಿರಲಿಲ್ಲ. ಯಾವುದಕ್ಕೆ ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಆ ಗುಂಪಿನಲ್ಲಿತ್ತು. ಗುಂಪಿನಲ್ಲಿ ಮನುಷ್ಯ ಕಳೆದುಹೋಗುವುದಿಲ್ಲ, ‘ನಾನು’ ಹೋಗಿ ಆ ಜಾಗಕ್ಕೆ ‘ನಾವು’ ಬಂದು ಕೂರುತ್ತದೆ, ಆ ‘ನಾವು’ ಎಂಥದ್ದೋ ನಡತೆಯೂ ಅಂಥದ್ದೇ ಎಂಬುದು ಅವರ ವಾದ. ಕ್ಲಬ್ಬಿನ ಹುಡುಗರ ಉದ್ದನೆಯ ಕೋಟು ಮುಖ ಮುಚ್ಚುವ ಮುಸುಕಲ್ಲ. ತಾವು ಯಾರ ಮೊಮ್ಮಕ್ಕಳು ಎಂಬುದನ್ನು ಎದೆಯ ಮೇಲೆ ಬರೆದುಕೊಂಡಂತೆ ಅದು.

ನಿಮ್ಮ ಮಗನನ್ನು ಒಂದು ಪ್ರಶ್ನೆ ಕೇಳಿ ನೋಡಿ. ಅಂದು ರಾತ್ರಿ ಆ ಏಳು ಜನ ಉಳಿದುಕೊಂಡದ್ದು ಒಬ್ಬ ಪೊಲೀಸ್ ಅಧಿಕಾರಿಯ ತೋಟದ ಮನೆಯಾಗಿದ್ದರೆ ಕುರ್ಚಿ ಒಡೆಯುತ್ತಿತ್ತೇ? ಅಷ್ಟೇ ಕುಡಿದಿದ್ದರೂ? ಒಡೆಯುತ್ತಿರಲಿಲ್ಲ. ಗುಂಪಿಗೆ ಬುದ್ಧಿ ಇರುತ್ತದೆ. ಯಾರ ಮನೆಯಲ್ಲಿ ಕೈ ಚಾಚಬಹುದು ಎಂಬುದು ಎಷ್ಟು ಅಮಲಿನಲ್ಲೂ ಅದಕ್ಕೆ ಗೊತ್ತಿರುತ್ತದೆ.

ಇನ್ನು ಸುಮ್ಮನಿದ್ದವನ ವಿಷಯ. ಇಲ್ಲಿ ನಾನು ತಜ್ಞನ ಕುರ್ಚಿಯಿಂದ ಸ್ವಲ್ಪ ಕೆಳಗಿಳಿಯಬೇಕು.

ನಾನು ಶಿವಮೊಗ್ಗದಲ್ಲಿ ಓದುತ್ತಿದ್ದ ಕಾಲಕ್ಕೆ ಇದ್ದದ್ದು ಒಂದು ಹಾಸ್ಟೆಲಿನಲ್ಲಿ. ಹೆಚ್ಚಿನವರು ತೋಟದ ಮನೆಗಳಿಂದ ಬಂದವರು. ಬಡಿಸಲು ನಮ್ಮದೇ ವಯಸ್ಸಿನ, ನಮಗಿಂತ ಎರಡು ವರ್ಷ ಚಿಕ್ಕವನೇ ಇರಬೇಕು, ಒಬ್ಬ ಹುಡುಗನಿದ್ದ. ಒಂದು ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಯಾರೋ ತಟ್ಟೆ ಬಡಿದರು, ಎಲ್ಲರೂ ಬಡಿದೆವು. ಯಾರೋ ಲೋಟ ಎಸೆದರು. ಕೊನೆಗೆ ಒಬ್ಬ ಎದ್ದು ಅವನ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ಕೆಳಗಿನಿಂದ ತಟ್ಟಿದ. ಬಿಸಿ ಸಾರು ಹುಡುಗನ ಮುಂಗೈ ಮೇಲೆ ಬಿತ್ತು. ಊಟದ ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಗು ಬಂದಿತ್ತೆಂದು ನಕ್ಕದ್ದಲ್ಲ. ನಗದಿದ್ದರೆ ಪಕ್ಕದವನು ನನ್ನ ಮುಖ ನೋಡುತ್ತಿದ್ದ. ಮರುದಿನ ವಾರ್ಡನ್ ಒಂದು ಚೀಟಿ ಬರೆಸಿ ಗೋಡೆಗೆ ಅಂಟಿಸಿದರು. ನಾಲ್ಕು ಲೋಟ, ಎರಡು ತಟ್ಟೆ, ಒಂದು ಪಾತ್ರೆಯ ಹಿಡಿ. ತಲೆಗೆ ಇಷ್ಟೆಂದು ಹಂಚಿದರು, ಕೊಟ್ಟೆವು. ಹುಡುಗನ ಕೈ ಆ ಚೀಟಿಯಲ್ಲಿ ಇರಲಿಲ್ಲ. ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಬಡಿಸುತ್ತಿದ್ದ. ಎಡಗೈಯಲ್ಲಿ ಬಡಿಸುತ್ತಾನೆಂದು ಗೊಣಗಿದವರೂ ಇದ್ದರು.

ಹಾಗಾಗಿ ಸುಮ್ಮನಿದ್ದವನದೂ ತಪ್ಪೇ ಎಂದು ನೀವು ಕೇಳಿದಾಗ ನನ್ನ ಉತ್ತರ, ಹೌದು, ತಪ್ಪೇ. ಆದರೆ ಆ ತಪ್ಪಿನ ಬಗೆ ಬೇರೆ, ಅದನ್ನು ತಿದ್ದುವ ದಾರಿಯೂ ಬೇರೆ. ಕಾನೂನಿನ ಮಾತು ವಕೀಲರಿಗೆ ಬಿಟ್ಟದ್ದು. ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶದಿಂದ ಸೇರಿ ಅಪರಾಧ ಮಾಡಿದರೆ ಪ್ರತಿಯೊಬ್ಬನೂ ಹೊಣೆ ಎಂಬ ತತ್ವ ನಮ್ಮ ದಂಡಸಂಹಿತೆಯಲ್ಲಿ ಹಿಂದಿನಿಂದಲೂ ಇದೆ ಎಂಬುದನ್ನಷ್ಟೇ ಅವನಿಗೆ ತಿಳಿಸಿಡಿ.

ಮನಃಶಾಸ್ತ್ರದ ಕಡೆಯಿಂದ ಹೇಳಬೇಕಾದದ್ದು ಸಾಲಮನ್ ಆಶ್ ಅವರ ಪ್ರಯೋಗ. 1950ರ ದಶಕದ್ದು, ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ್ದು. ಒಂದು ಗೆರೆ ತೋರಿಸಿ, ಪಕ್ಕದ ಮೂರರಲ್ಲಿ ಯಾವುದು ಇದರಷ್ಟೇ ಉದ್ದವಿದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಮಗು ಕೂಡ ಹೇಳಬಲ್ಲ ಉತ್ತರ. ಕೋಣೆಯಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಆಶ್ ಅವರ ಕಡೆಯವರೇ. ಬೇಕೆಂದೇ ಒಕ್ಕೊರಲಿನಿಂದ ತಪ್ಪು ಹೇಳುತ್ತಾರೆ. ಅಂಥ ಸುತ್ತುಗಳಲ್ಲಿ ಆ ಒಬ್ಬ ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ತಪ್ಪನ್ನೇ ಒಪ್ಪಿಬಿಟ್ಟ. ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಒಪ್ಪಿದರು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಸರಿಯುತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಕೋಣೆಯಲ್ಲಿದ್ದರೆ ಗುಂಪಿನ ಒತ್ತಡ ಕಾಲು ಭಾಗಕ್ಕೆ ಇಳಿಯಿತು. ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದುಕೊಡಬಹುದು ಎಂದಾಗಲೂ ಅದು ಗಣನೀಯವಾಗಿ ಕುಗ್ಗಿತು.

ಅಂದರೆ ಮೈಲ್ಸ್‌ನಂಥವನ ಮೌನ ಬರೀ ಅವನೊಬ್ಬನ ಹೇಡಿತನವಲ್ಲ. ಆ ಮೇಜಿನಲ್ಲಿ ಬಾಯಿ ತೆರೆಯಲು ಇನ್ನೊಬ್ಬನಿಗಾಗಿ ಕಾದು ಕೂತಿದ್ದ ಯಾರೋ ಒಬ್ಬನಿಗೆ ಜೊತೆಗಾರ ತಪ್ಪಿಹೋದ. ನನ್ನ ಹಾಸ್ಟೆಲಿನಲ್ಲೂ ಅಂದು ನನ್ನಂತೆ ಬಲವಂತಕ್ಕೆ ನಕ್ಕವರು ಎಷ್ಟು ಜನರೋ. ಒಬ್ಬ ಗೆಳೆಯ ನಲವತ್ತು ವರ್ಷದ ಮೇಲೆ ಮದುವೆಮನೆಯೊಂದರಲ್ಲಿ ಕೈ ತೊಳೆಯುತ್ತ ಅದೇ ಪ್ರಸಂಗ ತೆಗೆದು, ‘ನನಗೆ ಅಂದು ಊಟ ಸೇರಲಿಲ್ಲ ಮಾರಾಯ’ ಎಂದ. ನನ್ನಿಂದ ನಾಲ್ಕೇ ತಟ್ಟೆಯಾಚೆ ಕೂತಿದ್ದವನು ಅವನು.

ಮೈಲ್ಸ್ ಕಡೆಗೆ ಆಂಬುಲೆನ್ಸ್ ಕರೆಸುತ್ತಾನೆ, ನಿಜ. ಆ ಹೊತ್ತಿಗೆ ತಡವಾಗಿತ್ತು. ಅವನಿಗೆ ಸುಲಭವಾಗಿ ಬಾಯಿ ತೆರೆಯಬಹುದಾದ ಗಳಿಗೆ ಬಹಳ ಹಿಂದೆಯೇ ಬಂದುಹೋಗಿತ್ತು. ಹತ್ತು ಹಕ್ಕಿಗಳನ್ನು ಒಂದರೊಳಗೊಂದು ತುಂಬಿ ಬೇಯಿಸಿದ ಖಾದ್ಯ ಬರುತ್ತದಲ್ಲ, ಎಣಿಸಿದರೆ ಒಂಬತ್ತೇ ಇರುತ್ತವೆ. ಇಡೀ ರಾತ್ರಿಯ ಕೋಪಕ್ಕೆ ಅದು ಮೊದಲ ಕಿಡಿ. ‘ಹೋಗಲಿ ಬಿಡ್ರೋ, ಒಂದು ಹಕ್ಕಿ ತಾನೆ’ ಎಂದು ಯಾರಾದರೂ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ನಮ್ಮ ಸಾರಿನ ಉಪ್ಪೂ ಹಾಗೆಯೇ. ಗುಂಪು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲ ಮೆಟ್ಟಿಲಿನಲ್ಲಿ ತಡೆಯಲು ತಮಾಷೆಯ ಒಂದು ಮಾತು ಸಾಕು, ಕೊನೆಯದರಲ್ಲಿ ಮೈಮೇಲೆ ಬೀಳಬೇಕಾಗುತ್ತದೆ.

ಇನ್ನೊಂದು ತೊಡಕಿದೆ. ಇಂಥ ಕೂಟಗಳಿಗೆ ಸೇರುವಾಗ ಅವಮಾನ ಮಾಡಿಸಿಕೊಂಡೇ ಸೇರಬೇಕು. ಹೊಲಸು ಬೆರೆಸಿದ್ದನ್ನು ಕುಡಿಯಬೇಕು, ನಮ್ಮ ಕಾಲೇಜುಗಳಲ್ಲಾದರೆ ಸೀನಿಯರುಗಳ ಮುಂದೆ ಬಗ್ಗಿ ನಿಲ್ಲಬೇಕು. ಇಷ್ಟು ಅನುಭವಿಸಿದವನು ಕೂಟವನ್ನು ದ್ವೇಷಿಸಬೇಕಲ್ಲವೇ? ಅರಾನ್‌ಸನ್ ಮತ್ತು ಮಿಲ್ಸ್ ಎಂಬ ಮನಃಶಾಸ್ತ್ರಜ್ಞರು 1959ರಲ್ಲಿ ತೋರಿಸಿದ್ದು ಇದಕ್ಕೆ ವಿರುದ್ಧ. ಹೆಚ್ಚು ಮುಜುಗರಪಟ್ಟು ಸೇರಿದವರಿಗೇ ಆ ಗುಂಪಿನ ನೀರಸ ಹರಟೆಯೂ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಇಷ್ಟು ಕಷ್ಟಪಟ್ಟು ಬಂದದ್ದು ಬೆಲೆಯಿಲ್ಲದ ಜಾಗಕ್ಕೆ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದು. ನಿಮ್ಮ ಮಗ ಗೆಳೆಯರನ್ನು ಬಿಟ್ಟುಕೊಡದಿರುವುದಕ್ಕೆ ಇದೂ ಕಾರಣವಿರಬಹುದು. ಸಿಟ್ಟಾಗಬೇಡಿ.

‘ಇಂಗ್ಲೆಂಡಿನ ಕಥೆ, ನಮಗೇನು’ ಎಂಬ ಮಾತಿಗೆ ಶಿವಮೊಗ್ಗದವನಾಗಿ ನನಗೆ ಕೊಂಚ ನಗು ಬಂತು. ನಮ್ಮದು ಸಮಾಜವಾದದ ನೆಲ ಎಂದು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಕಾಗೋಡು ಸತ್ಯಾಗ್ರಹದ ಹೆಸರು ಹೇಳುತ್ತೇವೆ, ಶಾಂತವೇರಿ ಗೋಪಾಲಗೌಡರ ಹೆಸರು ಹೇಳುತ್ತೇವೆ. 1951ರಲ್ಲಿ ಸಾಗರ ಸೀಮೆಯ ಆ ಹಳ್ಳಿಯಲ್ಲಿ ಒಕ್ಕಲುಗಳು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಕೊಳಗದ ಜಗಳ ಬರೀ ಭತ್ತದ ಜಗಳವಾಗಿದ್ದರೆ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾಗುತ್ತಿರಲಿಲ್ಲ. ಒಡೆಯರ ಮನೆಯಲ್ಲಿ ಯಾರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದೂ ಆ ಕೊಳಗದ ಒಳಗಿತ್ತು. 1974ರ ಭೂಸುಧಾರಣೆ ಜಮೀನನ್ನು ಹಂಚಿತು. ಜಗಲಿಯ ಮೇಲಿಂದ ಅಂಗಳದವನನ್ನು ನೋಡುವ ನೋಟ ಕಾಯ್ದೆಯ ಕೈಗೆ ಸಿಕ್ಕುವಂಥದ್ದಲ್ಲ. ಅದು ಈಗ ಜೀಪು ಹತ್ತಿದೆ, ಕೆಲವೊಮ್ಮೆ ಬೆಂಗಳೂರಿನ ನೋಂದಣಿ ಸಂಖ್ಯೆಯ ಕಾರಿನಲ್ಲಿ ವಾರಾಂತ್ಯಕ್ಕೆ ಬರುತ್ತದೆ. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವಷ್ಟೇ ಚುರುಕಾಗಿ ಇಪ್ಪತ್ತರ ಹುಡುಗರು ಎದುರಿನವನ ಚಪ್ಪಲಿ, ಇಂಗ್ಲಿಷು, ಫೋನು ನೋಡಿ ದರ್ಜೆ ಕಟ್ಟುತ್ತಾರೆ. ನಿಮ್ಮ ಹೋಂಸ್ಟೇ ಯಜಮಾನರನ್ನು ಗೊರಬಲು, ಅಂದರೆ ಕೊನೆಯ ದರ್ಜೆ, ಎಂದು ಕಟ್ಟಿದ್ದರು. ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟು, ತಾವೇ ಕಡುಬು ಬೇಯಿಸಿ ಬಡಿಸುವವರನ್ನು ಮನೆಯ ಯಜಮಾನರೆಂದು ತಿಳಿಯುವ ಬದಲು ‘ಸರ್ವಿಸ್’ ಎಂದುಕೊಂಡರು.

ಏನು ಮಾಡಬಹುದು ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮೇಷ್ಟ್ರ ಚಟ.

ಮೊದಲನೆಯದಾಗಿ, ಮಗನಿಗೆ ಆ ರಾತ್ರಿಯನ್ನು ಬರೆಯಲು ಹೇಳಿ. ನಿಮಗೆ ತೋರಿಸಬೇಕಾಗಿಲ್ಲ, ಗೆಳೆಯರಿಗಂತೂ ಬೇಡವೇ ಬೇಡ. ಆಶ್ ಅವರ ಚೀಟಿ ಕೆಲಸ ಮಾಡುವುದು ಯಾರೂ ನೋಡದಿದ್ದಾಗಲೇ. ಏಕೆ ಮಾಡಿದೆ ಎಂದು ಕೇಳಿದರೆ ಸಮರ್ಥನೆ ಬರುತ್ತದೆ. ‘ಇದು ಸರಿಯಿಲ್ಲ ಎಂದು ನಿನಗೆ ಅನಿಸಿದ್ದು ಯಾವ ಗಳಿಗೆಯಲ್ಲಿ, ಆಗ ಪಕ್ಕದಲ್ಲಿ ಯಾರಿದ್ದರು’ ಎಂದಷ್ಟೇ ಕೇಳಿ. ಗಾಜು ಒಡೆಯುವುದಕ್ಕಿಂತ ಎಷ್ಟೋ ಮೊದಲಿನ ಗಳಿಗೆಯೊಂದು ಸಿಕ್ಕುತ್ತದೆ. ಆ ಪಕ್ಕದವನಿಗೂ ಅದೇ ಅನಿಸಿತ್ತೇ ಎಂದು ಅವನು ಒಂದು ಫೋನು ಮಾಡಿ ಕೇಳಿದರೆ ಇನ್ನೂ ಒಳ್ಳೆಯದು.

ಆಮೇಲೆ ಅವನನ್ನು ಕರೆದುಕೊಂಡು ಆ ಮನೆಗೆ ಹೋಗಿ. ಅಪ್ಪಂದಿರು ಕೊಟ್ಟದ್ದು ಗಾಜಿನ ಬಾಬತ್ತು. ಅದು ಮುಗಿದಿದೆ, ಪುನಃ ಲಕೋಟೆ ಒಯ್ಯಬೇಡಿ. ಕ್ಷಮಾಪಣೆಯ ವಾಕ್ಯವನ್ನು ಅವನಿಗೆ ಬಾಯಿಪಾಠ ಮಾಡಿಸಬೇಡಿ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರೆ ಅಂಗಳದಲ್ಲೇ ನಿಂತು ಕೇಳಲಿ. ‘ಆಯ್ತು ಬಿಡಿ, ಹುಡುಗರು’ ಎಂದು ಅವರು ನಕ್ಕು ಒಳಗೆ ಕರೆದು ಕಾಫಿ ಕೊಟ್ಟರೆ ಅದಕ್ಕೆ ಮೋಸಹೋಗಬೇಡಿ. ಮಲೆನಾಡಿನಲ್ಲಿ ಬಂದವರಿಗೆ ಕಾಫಿ ಕೊಡದೆ ಇರುವುದಿಲ್ಲ, ಮನಸ್ಸು ಮುರಿದಿದ್ದರೂ ಕೊಡುತ್ತಾರೆ. ತಳ್ಳಿಸಿಕೊಂಡವರ ಹೆಂಡತಿಯೋ ಮಗಳೋ ಏನಾದರೂ ಹೇಳಿದರೆ ಅದನ್ನು ಪೂರ್ತಿ ಹೇಳಲು ಬಿಡಿ, ನಡುವೆ ನೀವು ತಾಯಿಯಾಗಿ ಬಾಯಿ ಹಾಕಬೇಡಿ. ಚಿತ್ರದಲ್ಲೂ ಕ್ರಿಸ್‌ನ ಮಗಳು ರೇಚಲ್ ಆ ರಾತ್ರಿಯಿಡೀ ಹುಡುಗರಿಗೆ ಬಡಿಸುತ್ತಿರುತ್ತಾಳೆ. ಎರಡನೆಯ ಸಲ ನೋಡುವಾಗ ನಾನು ಹುಡುಗರನ್ನು ಬಿಟ್ಟು ಅವಳನ್ನೇ ನೋಡಿದೆ. ಅದು ಬೇರೆಯದೇ ಚಿತ್ರವಾಗಿತ್ತು.

ಶನಿವಾರ, ಭಾನುವಾರ ಹೋಗಬೇಡಿ, ಅವರಿಗೆ ಅತಿಥಿಗಳಿರುತ್ತಾರೆ. ಅಡಿಕೆ ಕೊಯ್ಲಿನ ದಿನಗಳೂ ಬೇಡ. ವಾರದ ನಡುವೆ ಯಾವುದಾದರೊಂದು ದಿನ, ಮೂರು ಗಂಟೆಯ ಮೇಲೆ ಹೋಗಿ. ಮಗ ಬರಲು ಒಪ್ಪದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ.